ಐದು ಉಕ್ಕಿನ ಬಿಲ್ಲೆಗಳು

ಜನವರಿ 5, 2025. ರವಿವಾರ, ಬೆಳಿಗ್ಗೆ 11

ಮೂರನೆಯ ಬಿಲ್ಲೆ ಕತ್ತರಿಸಿದ್ದಾಯಿತು. ಇನ್ನೆರಡು. ಹಳೆಯ ನೀರಿನ ಟ್ಯಾಂಕರಿನ ತಗಡು, ಗೌಸುಸಾಬರ ಗುಜರಿ ಅಂಗಡಿಯದು. ಬಾಗಿತ್ತು, ಬಡಿದು ಸಪಾಟು ಮಾಡಿದೆ. ಗ್ರೈಂಡರಿನ ಕಿಡಿಗೆ ಸೀರೆ ಮೂರು ಕಡೆ ತೂತು.

ಐದೂ ಒಂದೇ ಸರಳಿನ ಮೇಲೆ ನಿಲ್ಲಬೇಕು. ಏರ್ ರೈಫಲ್‌ನ ಗುಂಡು ಬಡಿದರೆ ಹಿಂದಕ್ಕೆ ಬೀಳಬೇಕು. ಹಗ್ಗ ಎಳೆದರೆ ಐದೂ ಏಳಬೇಕು. ಕಾಗದದ ಟಾರ್ಗೆಟ್ ಆದರೆ ಪ್ರತಿ ಸಲ ನಡೆದು ಹೋಗಿ ನೋಡಬೇಕು. ಉಕ್ಕಾದರೆ ಸದ್ದೇ ಹೇಳುತ್ತದೆ. ಒಲೆಯ ಮುಂದೆ ನಿಂತೇ ತಿಳಿಯಬಹುದು, ಮಗಳು ಪೂರ್ಣಿ ಹೊಡೆದಳೋ ತಪ್ಪಿದಳೋ.

ರೋಣದಲ್ಲಿ ಹುಡುಗರಿಗೆ ವೆಲ್ಡಿಂಗ್ ಕಲಿಸುತ್ತ ಹದಿಮೂರು ವರ್ಷವಾಯಿತು. ಮನೆಗಾಗಿ ಮಾಡಿದ ಮೊದಲ ಕೆಲಸ ಇದು.

ಜನವರಿ 12

ಮೊದಲ ಗುಂಡೇ ನೇರ ವಾಪಸ್ ಬಂದು ಗೋಡೆಗೆ ಬಡಿಯಿತು. ಬಿಲ್ಲೆಗಳನ್ನು ಮುಂದಕ್ಕೆ ಬಾಗಿಸಿ ಮತ್ತೆ ವೆಲ್ಡ್ ಮಾಡಿದೆ. ಈಗ ಸೀಸವೆಲ್ಲ ಕೆಳಗಿನ ಮರಳಿಗೆ. ಹತ್ತು ಮೀಟರ್. ಪೂರ್ಣಿ ಇಪ್ಪತ್ತೈದು ಗುಂಡಿಗೆ ಇಪ್ಪತ್ತೊಂದು ಬೀಳಿಸಿದಳು. ಅವಳ ಹಾಗೆ ಒಂಬತ್ತನೆಯ ಕ್ಲಾಸಿನಲ್ಲಿದ್ದಾಗ ನಾನು ಬಂದೂಕು ಮುಟ್ಟಿಯೂ ಇರಲಿಲ್ಲ.

ಫೆಬ್ರವರಿ 23ಕ್ಕೆ ಗದಗಿನಲ್ಲಿ ಜಿಲ್ಲಾ ಶೂಟಿಂಗ್ ತಂಡದ ಆಯ್ಕೆ. ಕಾಲೇಜಿನಲ್ಲಿದ್ದಾಗ ಎನ್‌ಸಿಸಿಯಿಂದ ನನ್ನ ಹೆಸರು ದಿಲ್ಲಿಯ ಶೂಟಿಂಗ್ ಕ್ಯಾಂಪಿಗೆ ಬಂದಿತ್ತು. ಆ ತಿಂಗಳೇ ಮದುವೆ ಗೊತ್ತಾಯಿತು. ಬೇರೆ ಹುಡುಗಿ ಹೋದಳು. ಇವಳಿಗೆ ಹಾಗಾಗಲು ಬಿಡುವುದಿಲ್ಲ.

ಜನವರಿ 22, ಸಂಜೆ

ಹದಿಮೂರು. ನಿನ್ನೆ ಹದಿನಾಲ್ಕು. ಕೀಲು ಬಿಗಿದುಕೊಂಡಿರಬಹುದು ಎಂದು ಎಣ್ಣೆ ಬಿಟ್ಟೆ. ಬಿಲ್ಲೆ ಭಾರವಾಯಿತೇನೋ ಎಂದು ಉಜ್ಜಿ ತೆಳ್ಳಗೆ ಮಾಡಿದೆ. ಆದರೂ ಹದಿಮೂರು.

"ಅವ್ವಾ, ಬಿಲ್ಲಿ ಎರಡೆರಡು ಕಾಣಸ್ತಾವ."

"ಮೊಬೈಲ್ ನೋಡೂದು ಬಿಡು. ಒಂದ ಕಾಣಸ್ತೈತಿ."

ಮೊಬೈಲ್ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಕಣ್ಣು ತಿಕ್ಕುತ್ತ ಒಳಗೆ ಹೋದಳು.

ಫೆಬ್ರವರಿ 2

ನನ್ನ ಗಂಡ ಶಶಿಕಾಂತ ನರಗುಂದದಿಂದ ಬಂದಿದ್ದರು. ನೌಕರಿ ಅಲ್ಲಿ, ಮನೆಗೆ ರವಿವಾರದ ಅತಿಥಿ. ಮಗಳನ್ನು ಕಣ್ಣಿನ ದವಾಖಾನೆಗೆ ತೋರಿಸು ಎಂದರು. ಆಯ್ಕೆಗೆ ಮೂರು ವಾರ ಇರುವಾಗ ಚಷ್ಮಾ ಕೊಟ್ಟರೆ ಗುರಿ ಹಿಡಿಯುವ ರೂಢಿಯೇ ಕೆಡುತ್ತದೆ, ಮುಗಿದ ಮೇಲೆ ನೋಡೋಣ ಎಂದೆ. ಅವರು ಪೇಪರ್ ಎತ್ತಿಕೊಂಡರು. ವಾದ ಮಾಡುವ ಮನುಷ್ಯನಲ್ಲ. ಒಮ್ಮೆಯಾದರೂ ಮಾಡಬಾರದೇ…

ಫೆಬ್ರವರಿ 9

ಹೊಸ ಐದು ಬಿಲ್ಲೆ ಕತ್ತರಿಸಿದೆ. ಮೊದಲಿನದರ ಅರ್ಧ ಅಗಲ. ಸಣ್ಣದು ರೂಢಿಯಾದರೆ ದೊಡ್ಡದು ಸುಲಭ. ಹತ್ತು ಬೀಳುವವರೆಗೆ ಒಳಗೆ ಬರಬೇಡ ಎಂದು ಹಿತ್ತಲ ಬಾಗಿಲು ಹಾಕಿಕೊಂಡೆ.

ನಾಲ್ಕರಿಂದ ಆರೂವರೆ. ಬಿದ್ದದ್ದು ಏಳೇ. ಬಾಗಿಲು ತೆರೆದಾಗ ಬಲಗಣ್ಣಿನಿಂದ ನೀರು ಸುರಿಯುತ್ತಿತ್ತು. ನಾಟಕ ಎಂದುಕೊಂಡೆ. ನಾಳೆಯಿಂದ ಬೆಳಿಗ್ಗೆಯೂ ಅಭ್ಯಾಸಕ್ಕೆ ನಿಲ್ಲಿಸಬೇಕು.

ಫೆಬ್ರವರಿ 23

ಇಪ್ಪತ್ತೆರಡು ಮಕ್ಕಳಲ್ಲಿ ಹತ್ತೊಂಬತ್ತನೆಯವಳು.

ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತೆ. ರೋಣದಲ್ಲಿ ನೀರು ಕೇಳಿದಳು. ಮುಖ ನೋಡದೆ ಬಾಟಲಿ ಕೊಟ್ಟೆ. ನಮ್ಮೂರು ಗಜೇಂದ್ರಗಡ ಬರುವವರೆಗೆ ಮಾತಿಲ್ಲ.

ಮಾರ್ಚ್ 3

ಎಂಟು ದಿನ ಅವಳ ಜೊತೆ ಮಾತಾಡಿರಲಿಲ್ಲ. ಇವತ್ತು ಶಾಲೆಯಿಂದ ರೇಷ್ಮಾ ಟೀಚರ್ ಕರೆಸಿದರು. ಕೂರಿಸಿ ಚಹಾ ತರಿಸಿ, ಆಮೇಲೆ ಕೇಳಿದರು.

"ನಿರ್ಮಲಾ ಅವ್ರ, ಪೂರ್ಣಿಗೆ ಬೋರ್ಡ್ ಮ್ಯಾಲಿಂದು ಕಾಣಸೂದಿಲ್ಲ, ನಿಮಗ ಗೊತ್ತೈತೇನ್ರಿ?"

ದೀಪಾವಳಿಯಿಂದ ಗೆಳತಿ ಕಮರುನ್ನಿಸಾಳ ನೋಟ್‌ಬುಕ್ ನೋಡಿ ಬರೆದುಕೊಳ್ಳುತ್ತಿದ್ದಾಳಂತೆ. ಮನೆಯಲ್ಲಿ ಹೇಳಬೇಡ ಎಂದು ಆಣೆ ಹಾಕಿಸಿದ್ದಾಳಂತೆ. ಗೊತ್ತಿತ್ತು ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು…

ಮಾರ್ಚ್ 6, ಹುಬ್ಬಳ್ಳಿಯ ಕಣ್ಣಿನ ದವಾಖಾನೆ

ಕಣ್ಣಿನ ಕರಿಗುಡ್ಡೆಯ ಮೇಲಿನ ಪದರ ತೆಳ್ಳಗಾಗಿ ಮುಂದಕ್ಕೆ ಉಬ್ಬಿದೆಯಂತೆ. ಬಲಗಣ್ಣು ಹೆಚ್ಚು. ಗುರಿ ಹಿಡಿಯುವ ಕಣ್ಣು. ತಿಕ್ಕಿದಷ್ಟೂ ಹೆಚ್ಚುತ್ತದೆಯಂತೆ. ಇನ್ನು ಮುಂದಕ್ಕೆ ಹೋಗದಂತೆ ತಡೆಯಬಹುದು. ಹೋದದ್ದು ಮೊದಲಿನಂತೆ ಬರುವುದಿಲ್ಲ.

ಎರಡೆರಡು ಕಾಣಲು ಶುರುವಾಗಿ ಎಷ್ಟು ದಿನವಾಯಿತು ಎಂದು ಡಾಕ್ಟರ್ ಅವಳನ್ನೇ ಕೇಳಿದರು. ಅವಳು ನನ್ನ ಕಡೆ ನೋಡಿದಳು.

"ಎಂಟ ದಿನ ಆತ್ರಿ."

ಅವರು ಬರೆದುಕೊಂಡರು. ನಾನು ತಿದ್ದಲಿಲ್ಲ.

ಮಾರ್ಚ್ 9

ಶಶಿಕಾಂತರಿಗೆ ಎಲ್ಲ ಹೇಳಿದೆ. ಮಗಳು ನನ್ನ ಮಾನ ಉಳಿಸಲು ಡಾಕ್ಟರ ಮುಂದೆ ಸುಳ್ಳು ಹೇಳಿದಳು ಎಂದೆ. ಹೇಳುತ್ತ ಅತ್ತೆ. ದುಃಖದ ಜೊತೆ ಒಂದು ಥರದ ಹೆಮ್ಮೆಯೂ ಇತ್ತು, ಬರೆಯಲು ನಾಚಿಕೆ. ಅವರು ಎದ್ದು ಹೋಗಿ ಪೂರ್ಣಿಯ ಕಣ್ಣಿಗೆ ಔಷಧ ಹಾಕಿದರು.

ಮಾರ್ಚ್ 16, ಮಧ್ಯಾಹ್ನ

ಪೂರ್ಣಿ ಕಟ್ಟೆಯ ಮೇಲೆ ಕೂತು ಮೆಂತೆಸೊಪ್ಪು ಸೋಸುತ್ತಿದ್ದಳು, ಕೈಯಿಂದಲೇ ತಡವಿ. ಪಕ್ಕದಲ್ಲಿ ಕೂತೆ. ಎಷ್ಟೋ ದಿನದ ಮೇಲೆ.

"ಡಾಕ್ಟರ್ ಮುಂದ ಸುಳ್ಳ ಯಾಕ ಹೇಳಿದಿ? ನನ್ನ ಸಲುವಾಗಿ ಹೌದಿಲ್ಲೋ?"

ಸಿಟ್ಟಿಲ್ಲದೆ, ಲೆಕ್ಕದ ಉತ್ತರ ಹೇಳುವ ಹಾಗೆ ಹೇಳಿದಳು.

"ಇಲ್ಲವ್ವಾ. ನೀ ಬಾಜೂಕ ಕುಂತಿದ್ದಿ. ಅಂಜಿಕಿ ಬಂತು."

ತಲೆ ಸವರಲೆಂದು ಕೈ ಚಾಚಿದೆ. ಅವಳು ತಟ್ಟನೆ ಮುಖ ಹಿಂದಕ್ಕೆಳೆದು ಮೊಣಕೈ ಅಡ್ಡ ಹಿಡಿದಳು. ಸೊಪ್ಪು ಚೆಲ್ಲಿತು. ಆರಿಸಿ ಕೊಟ್ಟೆ. ಒಳಗೆ ಎದ್ದು ಹೋದಳು.

ಮಗಳ ಮೇಲೆ ಎಂದೂ ಕೈ ಎತ್ತಿದವಳಲ್ಲ ನಾನು ಎಂದು ಬರೆಯಲು ಕೂತೆ. ಯಾರೂ ಓದದ ಪುಸ್ತಕದಲ್ಲೂ ಸುಳ್ಳು. ಗದಗಿನಿಂದ ಬಂದ ಸಂಜೆ, ಮನೆಯ ಬಾಗಿಲು ಹಾಕಿಕೊಂಡ ಮೇಲೆ, ಅವಳು ಚಪ್ಪಲಿಯನ್ನೂ ಬಿಟ್ಟಿರಲಿಲ್ಲ, ನಾನು…