ಎರಡು ಪುಟದ ಮನವಿ

ಗುರುವಾರ, ಹಡಗು ಹತ್ತಿದ ಹನ್ನೊಂದನೆಯ ದಿನ.

ಇಂದು ನನ್ನ ಹೆಂಡತಿಗೆ ಮೇಲಂತಸ್ತಿನಲ್ಲಿ ಕಿಟಕಿಯಿರುವ ಕೋಣೆ ದೊರಕಿತು. ನನ್ನ ಮನವಿಯಿಂದಲ್ಲ.

ಯಂತ್ರದ ಪಕ್ಕದ ಕೆಳಗಿನ ಕೋಣೆಯಲ್ಲಿ ಇವಳು ಮೂರು ದಿನ ವಾಂತಿ ಮಾಡಿಕೊಂಡು ಮಲಗಿದ್ದಳು. ಕೋಣೆ ಬದಲಿಸಿ ಕೊಡಬೇಕೆಂದು ನಾನು ಅಷ್ಟೂ ದಿನ ಇಂಗ್ಲಿಷಿನಲ್ಲಿ ಮನವಿ ಬರೆದೆ. ಮೂವತ್ತೊಂದು ವರ್ಷ ಕಚೇರಿಯಲ್ಲಿ ಅರ್ಜಿಗಳನ್ನು ನಕಲು ಮಾಡಿದ ಕೈ ಇದು. ಸಾಹೇಬರ ಘನತೆಯನ್ನು ಒಂದು ಪುಟ ಹೊಗಳದೆ ಏನನ್ನೂ ಬೇಡಲು ಅರಿಯದು. ನಿನ್ನೆ ಒಂದು ಚಿತ್ತು ಬಿದ್ದಿತೆಂದು ಇಡೀ ಪುಟವನ್ನು ಮತ್ತೆ ಬರೆದೆ. ನಡುವೆ ಇವಳು ನೀರು ಕೇಳಿದಾಗ, "ಸ್ವಲ್ಪ ತಡಿ" ಎಂದೆ.

ಹಡಗಿನ ಊಟದ ಕೋಣೆಯಲ್ಲಿ ನಡೆಯುವ ಇಂಗ್ಲಿಷ್ ಪಾಠದಲ್ಲಿ ನಾನು ಮೊದಲ ಸಾಲಿನವನು, ಇವಳು ಕೊನೆಯವಳು. ಇವಳು ಕಲಿತದ್ದು ಹೆಚ್ಚೆಂದರೆ ನಲವತ್ತು ಪದ. ಇಂದು ಗೋಡೆ ಹಿಡಿದುಕೊಂಡು ಹೋಗಿ ಕೋಣೆಗಳನ್ನು ಹಂಚುವ ಅಧಿಕಾರಿಯ ಮುಂದೆ ನಿಂತು, "ಐ ಸಿಕ್. ರೂಮ್ ಚೇಂಜ್, ಪ್ಲೀಸ್" ಎಂದಳು. ಅವನು ಎದ್ದು ನಿಂತು ಬೀಗದ ಕೈ ಕೊಟ್ಟನಂತೆ. ಬೆಳಿಗ್ಗೆ ನಾನು ಕೊಟ್ಟುಬಂದ ಮನವಿ ಅವನ ಮೇಜಿನ ಮೇಲೆಯೇ ಇತ್ತು. ಕಾಯಿಲೆಯ ವಿಷಯ ಬರುವುದು ಎರಡನೆಯ ಪುಟದಲ್ಲಿ. ಅಲ್ಲಿಯವರೆಗೆ ಅವನು ಓದಿರಲಿಲ್ಲ.

"ನಿಮ್ಮ ಕಾಗದ ಮುಗಿಯೋ ಹೊತ್ತಿಗೆ ನಾನೇ ಮುಗ್ದು ಹೋಗ್ತಿದ್ದೆ ಬಿಡಿ," ಎಂದಳು, ಹೊಸ ಹಾಸಿಗೆಯ ಮೇಲೆ ಕಾಲು ಚಾಚುತ್ತ. ಅದರಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ತಪ್ಪಾಯಿತು ಎನ್ನಬೇಕಿತ್ತು. ಒಂದೇ ಮಾತು, ಅದೂ ನಮ್ಮದೇ ಭಾಷೆಯದು. ಇವಳಿಗೆ ನಿದ್ದೆ ಹತ್ತುವ ತನಕ ಲೇಖನಿಗೆ ಶಾಯಿ ತುಂಬುತ್ತ, ಬೆನ್ನು ತಿರುಗಿಸಿ ಕುಳಿತೆ.