ಮಾರಾಕಿಟ್ಟ ಕಾರಿನ ಬಲಗಡಿ ಸೀಟು

ಮಾನವಿ, 1978

ನನ್ನ ಮುದ್ದಿನ ತಂಗಿ ವಾಹಿದಾಗ ಅಕ್ಕ ಅಮೀರ್ ಬೀ ಮಾಡುವ ಸಲಾಂ.

ಮೊನ್ನೆ ಒಂದು ಕೆಟ್ಟ ಕನಸು ಬಿತ್ತವ್ವ. ದೇವದುರ್ಗದಾಗ ನೀನು ಮದುವಣಗಿತ್ತಿಯಾಗಿ ಹೊಸ್ತಿಲದಾಗ ನಿಂತೀದಿ. ನಮ್ಮ ಕಾರು ಬಂತು. ಬಲಗಡಿ ನಾನಿದ್ದೆ, ಎಡಗಡಿ ಸ್ಟೇರಿಂಗ್ ಹಿಡಿಯಾಕ ಯಾರೂ ಇದ್ದಿಲ್ಲ. ಎಷ್ಟು ಕೂಗಿದರೂ ಕಾರು ನಿಲ್ಲದೇ, ನಿನ್ನ ದಾಟಿ ಹೊಂಟೇ ಹೋತು. ಎಚ್ಚರಾಗಿ, ನಿನ್ನ ಭಾವ ಉಸಿರಾಡ್ತಾರೋ ಇಲ್ಲೋ ಅಂತ ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ. ಎದ್ದು ಬೈದ್ರು.

ಕನಸಿಗೆ ಕಾರಣ ಇತ್ತು. ನಿನ್ನ ಭಾವ ಓಡಿಸೋ ಷೆವರ್ಲೆ ಕಾರನ್ನ ಅದರ ಮಾಲಕರು, ಅಕ್ಕಿ ಗಿರಣಿ ವಿರೂಪಣ್ಣನವರು, ಮಾರಾಕ ಇಟ್ಟಿದ್ರು. ಅದರಾಗ ಕೂಡಿಸಿ ನಿನ್ನ ಅತ್ತಿಮನಿಗೆ ಕಳಸ್ತೀವಿ ಅಂತ ನಾವು ಮಾತು ಕೊಟ್ಟಿದ್ವಲ್ಲ, ಅದು ಸುಳ್ಳಾಗ್ತದಂತ ನನಗ ಊಟ ಸೇರಲಿಲ್ಲ.

ಅಮೇರಿಕಾದ ಕಾರು, ನಿನಗ ಗೊತ್ತದ, ಸ್ಟೇರಿಂಗು ಎಡಕ್ಕ. ಮುಂದಿನ ಗಾಡಿ ದಾಟಬೇಕಂದ್ರ ಎದುರಿಗೆ ಏನು ಬರಾಕತ್ತದ ಅಂತ ಡ್ರೈವರಿಗೆ ಕಾಣಂಗಿಲ್ಲ. ಬಲಗಡಿ ಕುಂತವರು ನೋಡಿ ಹೇಳಬೇಕು. ಮದುವಿ ಆದಾಗಿಂದ ಆ ಕೆಲಸ ನಂದು. ನಾನು 'ಹೂಂ' ಅನ್ನೋತನಕ ನಿನ್ನ ಭಾವ ದಾಟಂಗಿಲ್ಲ.

ಶನಿವಾರ ಗಿರಾಕಿ ಬಂದ್ರು. ರಾಯಚೂರಾಗ ಮದುವಿಗೆ ಶಾಮಿಯಾನಾ ಹಾಕೋ ಸೈಫುದ್ದೀನ್ ಸಾಹೇಬ್ರು. ವಿರೂಪಣ್ಣನವರು ನನಗ, 'ಯವ್ವಾ, ಗಿರಾಕಿ ಮುಂದ ನೀನು ಕಿಟಕಿಯಾಗ ತಲಿ ಹಾಕಿ ಕೂಗೋದು ಚಂದ ಕಾಣಂಗಿಲ್ಲ, ಇವತ್ತ ಮನ್ಯಾಗಿರು' ಅಂದ್ರು. ನನ್ನ ಸೀಟಿನಾಗ ಸಾಹೇಬ್ರು ಕುಂತು ಪೋತ್ನಾಳದ ಕಡಿ ಹೋದ್ರು.

ಮುಂದಿನದು ನಿನ್ನ ಭಾವ ನಕ್ಕೋತ ಹೇಳಿದ್ದು. ಮುಂದ ಹುಲ್ಲಿನ ಬಂಡಿ ಇತ್ತಂತ.

'ಸಾಹೇಬ್ರ, ಎದುರಿಗೆ ಏನರ ಬರಾಕತ್ತದೇನ್ರಿ?'

'ಮೋಡ ಬರಾಕತ್ತದ. ಹವಾ ಭಾಳ ಚಲೋ ಅದ.'

'ಗಾಡಿ ಬರಾಕತ್ತದೇನಂತ ಕೇಳಿದ್ನ್ರಿ.'

'ಗಾಡಿ ಏನಿಲ್ಲ, ಹೊಡಿ.'

ಹೊಡದ್ರು. ಎದುರಿಗೆ ಬಸ್ಸು. ಯಾರಿಗೂ ಏನಾಗಲಿಲ್ಲವ್ವ, ಗಾಬರಿ ಆಗಬ್ಯಾಡ. ಕಾರು ಬಗಲಿನ ಭತ್ತದ ಗದ್ದಿಗೆ ಇಳಿದು ಕೆಸರಾಗ ಕುಂತಿತು. ನಾಟಿ ಮಾಡೋ ಹೆಣ್ಣಮಕ್ಕಳು ದೂಕಿ ಮ್ಯಾಲ ಹತ್ತಿಸಿದ್ರಂತ. 'ಶಾಮಿಯಾನಾ ಸಾಹೇಬ್ರ, ಈಗ ನಿಮ್ಮನ್ನ ತೊಳದು ಒಣಗ ಹಾಕಬೇಕಲ್ಲರಿ' ಅಂತ ಒಬ್ಬಾಕಿ ಅಂದಳಂತ.

ಸಾಹೇಬ್ರು ಕೆಸರಿನ ಪೈಜಾಮಾದಾಗ ಸೀದಾ ನಮ್ಮ ಮನಿ ಮುಂದ ಬಂದು ನಿಂತು, 'ಆಪಾ, ದಿನಾ ನೀವ ಕೂಡ್ತೀರಂತ, ಹತ್ತರಿ' ಅಂದ್ರು. ರೊಟ್ಟಿ ಹಿಟ್ಟಿನ ಕೈಯಾಗ ಹಂಗ ಹತ್ತಿದೆ. ಲಾರಿ, ಸೈಕಲ್, ಎಮ್ಮಿ, ದೂರದಾಗ ಒಂದು ಕೋಳಿ, ಎಲ್ಲಾ ಹೇಳಿದೆ. ಹಿಂದ ಕುಂತ ಸಾಹೇಬ್ರು, 'ಆಪಾ, ಆ ಕೋಳಿ ಇನ್ನಾ ದೂರ ಸಿರವಾರದ ಊರಾಗ ಅದ' ಅಂದ್ರು. ಅಂದ್ರೂ ಸೀಟು ಬಿಗಿಯಾಗಿ ಹಿಡಿದಿದ್ದವರು ಆಮ್ಯಾಲ ಕೈ ಬಿಟ್ಟು ಆರಾಮ ಕುಂತ್ರು.

ಇಳಿದು ವಿರೂಪಣ್ಣನವರಿಗೆ ಹೇಳಿದ್ರು: 'ಕಾರು ತಗೋತೀನಿ. ಇವರಿಬ್ಬರೂ ಅದರ ಜೋಡಿ ರಾಯಚೂರಿಗೆ ಬರಬೇಕು.' ನಾನು ನಿನ್ನ ಮದುವಿ ಮಾತು ತೆಗದೆ. 'ಮೊದಲನೇ ಬಾಡಿಗಿನ ಅದು, ಹೂವಿನ ಶೃಂಗಾರ ನಂದು' ಅಂದ್ರು. ನಾನು ಅಲ್ಲೇ ಅತ್ತುಬಿಟ್ಟೆ.

ವಾಹಿದಾ, ಅಂಜುಬುರುಕಿ ಅಂತ ಅನಸಿಕೊಂಡೇ ಬೆಳದಾಕಿ ನಾನು. ನಾಲ್ಕನೇ ಕ್ಲಾಸಿನ ಅರ್ಧಕ್ಕ ಸಾಲಿ ಬಿಟ್ಟದ್ದೂ ಮಾಸ್ತರರ ಅಂಜಿಕಿಗೆ. ನನ್ನ ಅಂಜಿಕಿ ಬೇಕು ಅಂತ ಮನಿ ಬಾಗಲಿಗೆ ಬಂದವರು ಈ ಸಾಹೇಬ್ರೊಬ್ಬರ. ಎರಡು ದಿನದಿಂದ ಸುಮ್ಮಸುಮ್ಮನ ನಗಾಕತ್ತೀನಿ.

ನಿನ್ನ ಹಾದಿ ಉದ್ದಕ್ಕೂ ತೆರಪಿರಲಿ, ಎದುರಿಗೆ ಬರೋದೆಲ್ಲ ಖುಷಿನ ಇರಲಿ ಅಂತ ಹರಸೋ

ನಿನ್ನ ಅಕ್ಕ,
ಅಮೀರ್ ಬೀ

ಇನ್ನೊಂದು. ಕಾರು ದೇವದುರ್ಗದ ನಮ್ಮ ಓಣಿಯಾಗ ಹಿಡಿಸ್ತದ ಅಂತ ಅಬ್ಬಾ ಬರಸ್ಯಾರ. ಕಣ್ಣಳತಿ ಹಾಕಿರಬೇಕು. ಕಾರಿನ ಅಗಲಕ್ಕ ಕತ್ತರಿಸಿದ ಕೆಂಪು ದಾರ ಪತ್ರದಾಗ ಮಡಚಿ ಇಟ್ಟೀನಿ. ಅದನ್ನ ಬಿಗಿ ಹಿಡಿದು ಓಣಿ ಬಾಯಿ ನೀನ ಇನ್ನೊಮ್ಮೆ ಅಳದು ಬರಿ. ಜೋತು ಬಿಡಬ್ಯಾಡ.