ಬೇಲಿಯ ಪಕ್ಕದ ಹನ್ನೊಂದು ಗಿಡ

ಗುರುಕಿರಣ,

ಇದನ್ನು ನಿನಗೆ ಕಳಿಸುವುದಿಲ್ಲ, ಅದಕ್ಕೇ ಧೈರ್ಯವಾಗಿ ಬೈಯುತ್ತಿದ್ದೇನೆ. ನೀನು ಕೆಲಸ ಬಿಟ್ಟು ಸೂರತ್‌ಗೆ ಹೋದ ದಿನವೂ ನನಗೆ ಇಷ್ಟು ಸಿಟ್ಟು ಬಂದಿರಲಿಲ್ಲ.

ವಡೋದರಾದ ನಮ್ಮ ಸಿಹಿತುಳಸಿ ತೋಟ ಎಲೆಚುಕ್ಕೆ ರೋಗಕ್ಕೆ ಬಲಿಯಾಯಿತು. ಎಲ್ಲಕ್ಕಿಂತ ಸಿಹಿಯಾದ ಒಂದೇ ಗಿಡದ ಕಡ್ಡಿಗಳಿಂದ ಬೆಳೆಸಿದ ನಾಲ್ಕು ಸಾವಿರ ಗಿಡ, ಎರಡೇ ವಾರದಲ್ಲಿ ಕಪ್ಪಾದವು. ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುತ್ತದೆ ಎಂದು ನೀನು ಮೀಟಿಂಗಿನಲ್ಲಿ ಹೇಳಿದ್ದೆ, ನಿಜ. ನೆಟ್ಟಗೆ ಹೇಳಿದ್ದರೆ ಕೇಳುತ್ತಿದ್ದರೇನೋ. ನೀನು ಫೈಲು ಎಸೆದು ಎದ್ದು ಹೋದೆ.

ಬೇಲಿಯ ಪಕ್ಕ ನೀನು ಬೀಜ ಹಾಕಿ ಬೆಳೆಸಿದ್ದ ಸಾಲಿನಲ್ಲಿ ಹನ್ನೊಂದು ಗಿಡ ಹಸಿರಾಗಿ ನಿಂತಿವೆ. ಒಂದರಂತೆ ಇನ್ನೊಂದಿಲ್ಲ. ಒಂದರ ಎಲೆ ಅಗಲ, ಇನ್ನೊಂದನ್ನು ಬಾಯಿಗಿಟ್ಟರೆ ಬರೀ ಕಹಿ. ಹೊಸ ತಳಿಗೆ ಇವೇ ಬೇಕು. ಆದರೆ ಯಾವುದರ ತಾಯಿಗಿಡ ಯಾವುದು? ನಿನ್ನ ನೋಟ್‌ಬುಕ್ಕಿನಲ್ಲಿ ತಾಯಿಗಿಡಗಳ ಎದುರು ಇರುವುದು ಬರೀ ನಂಬರುಗಳು, ಆ ನಂಬರುಗಳಿದ್ದದ್ದು ಗಿಡಕ್ಕೆ ಕಟ್ಟಿದ್ದ ಚೀಟಿಗಳಲ್ಲಿ. ಒಂದು ನಕ್ಷೆ ಬರೆದಿಡೋಕೆ ಏನಾಗಿತ್ತು ಮಾರಾಯ? ಚೀಟಿಗಳನ್ನು ಯಾರಾದರೂ ಕಿತ್ತು ಹಾಕಬಹುದೆಂದು ನಿನಗೆ ಹೊಳೆಯಲೇ ಇಲ್ಲವೇ?

ನೀನು ಹೋದ ಮೇಲೆ ಸಾಲು ತೆಗೆಯಿರಿ ಎಂದು ಆರ್ಡರ್ ಬಂದಾಗ ಆ ಚೀಟಿಗಳನ್ನು ಕಿತ್ತವಳು ನಾನು. ಗಿಡ ಕೀಳಲು ಆಳುಗಳು ಬರಲಿಲ್ಲ, ಆಮೇಲೆ ಎಲ್ಲರೂ ಮರೆತರು.

ಇವತ್ತು ಮಧ್ಯಾಹ್ನ ನಿರ್ದೇಶಕರು ಅಲ್ಲಿಗೆ ಬಂದು, ಬಗ್ಗಿ ಒಂದೊಂದೇ ಎಲೆ ತಿರುಗಿಸಿ ನೋಡಿದರು.

"ಮೇದಿನಿ, ಇವನ್ನು ಬೆಳೆಸಿದ್ದು ಯಾರು?" ಎಂದು ಕೇಳಿದರು.

ನಿನ್ನ ಹೆಸರು ಹೇಳಿದರೆ ಚೀಟಿ ಎಲ್ಲಿ ಎನ್ನುತ್ತಿದ್ದರು.

"ಗೊತ್ತಿಲ್ಲ ಸರ್," ಎಂದೆ. "ನಾನು ಸೇರುವ ಮೊದಲೇ ಇದ್ದವು."